ಸರಾಸರಿ ಮನುಷ್ಯನನ್ನು ಅರಸಿದ ಖಗೋಳಜ್ಞ: ಬಿಎಂಐ ಸೂತ್ರದ ಹಿಂದಿನ ಕೆಟ್ಲೆ

ಬಜಪೆಯ ವಿಮಾನ ನಿಲ್ದಾಣದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ಪ್ರಯಾಣಿಕನ ಪೆಟ್ಟಿಗೆ ತಕ್ಕಡಿ ಏರದೆ ಮುಂದೆ ಸಾಗದು. ನಿಗದಿತ ಮಿತಿಗಿಂತ ಎರಡು ಕಿಲೋ ಹೆಚ್ಚಿದ್ದರೂ ಹಲಸಿನ ಹಪ್ಪಳದ ಕಟ್ಟು ಹೊರಗೆ ಬರುತ್ತದೆ, ಇಲ್ಲವೇ ಹಣ ತೆರಬೇಕಾಗುತ್ತದೆ. ಆದರೆ ಪೆಟ್ಟಿಗೆಯನ್ನು ತಂದವನನ್ನು ಯಾರೂ ತೂಗುವುದಿಲ್ಲ. ಗುಡ್ಡದ ನೆತ್ತಿಯ ಓಡುದಾರಿಯಿಂದ ವಿಮಾನ ಮೇಲೇರಬೇಕಾದರೆ ಅದರ ಒಟ್ಟು ಭಾರ ತಿಳಿದಿರಲೇಬೇಕು. ಅದಕ್ಕಾಗಿ ಪ್ರತಿ ವಯಸ್ಕ ಪ್ರಯಾಣಿಕನಿಗೂ ಒಂದು ಸರಾಸರಿ ತೂಕವನ್ನು ಗೊತ್ತುಪಡಿಸಿ ಲೆಕ್ಕ ಹಾಕಲಾಗುತ್ತದೆ. ಯಾವುದೇ ಒಬ್ಬ ಪ್ರಯಾಣಿಕನ ಮಟ್ಟಿಗೆ ಈ ಲೆಕ್ಕ ತಪ್ಪಿರಬಹುದು. ವಿಮಾನದಲ್ಲಿ ಕುಳಿತ ನೂರಾರು ಮಂದಿಯನ್ನು ಒಟ್ಟಾಗಿ ನೋಡಿದಾಗ ಅದು ಸತ್ಯಕ್ಕೆ ಬಲು ಸಮೀಪ.

ಅದೇ ಪ್ರಯಾಣಿಕ ರಜೆಯಲ್ಲಿ ಊರಿಗೆ ಮರಳಿ, ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಪೇಟೆಯ ಚಿಕಿತ್ಸಾಲಯಕ್ಕೆ ಹೋದಾಗ ಮಾತ್ರ ತಕ್ಕಡಿಯ ಮೇಲೆ ನಿಲ್ಲಲೇಬೇಕು. ಎತ್ತರ, ತೂಕಗಳನ್ನು ಬರೆದುಕೊಂಡ ವೈದ್ಯರು ಒಂದು ಸಂಖ್ಯೆಯನ್ನು ಹೇಳುತ್ತಾರೆ: 24 ಅಥವಾ 27 ಅಥವಾ 31. ಬಿಎಂಐ ಎಂದೇ ಪರಿಚಿತವಾದ ದೇಹ ದ್ರವ್ಯರಾಶಿ ಸೂಚ್ಯಂಕ ಅದು. ಆ ಒಂದು ಸಂಖ್ಯೆಯಿಂದ ಕೆಲವರಿಗೆ ನೆಮ್ಮದಿ, ಕೆಲವರಿಗೆ ಆತಂಕ.

ಗುಂಪಿನ ಸರಾಸರಿಯನ್ನು ನಂಬುವ ರೂಢಿಗೆ ಮನುಷ್ಯದೇಹದ ಮಟ್ಟಿಗೆ ಗಣಿತದ ಅಡಿಪಾಯ ಹಾಕಿದವರಲ್ಲಿ ಪ್ರಮುಖನೂ, ಬಿಎಂಐ ಸೂತ್ರದ ಮೂಲಪುರುಷನೂ ಒಬ್ಬನೇ. ಆತ ವೈದ್ಯನಲ್ಲ, ಆಹಾರತಜ್ಞನೂ ಅಲ್ಲ. ನಕ್ಷತ್ರಗಳನ್ನು ನೋಡುವುದು ಆತನ ಉದ್ಯೋಗ. ಬೆಲ್ಜಿಯಂ ದೇಶದ ಈ ಖಗೋಳಜ್ಞನ ಹೆಸರು ಅಡಾಲ್ಫ್ ಕೆಟ್ಲೆ. ಬರಹದಲ್ಲಿ ಮಾತ್ರ ಕಂಡವರು ಕ್ವೆಟೆಲೆಟ್ ಎಂದು ಓದುವುದುಂಟು.

ಒಂದೇ ಬದುಕು, ಮೂರು ಬಾವುಟ

ಕೆಟ್ಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಘೆಂಟ್ ನಗರದಲ್ಲಿ. ಆಗ ಆ ಊರು ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ನೆಪೋಲಿಯನ್ ಪತನದ ಬಳಿಕ ಡಚ್ ದೊರೆಯ ವಶವಾಯಿತು. 1830ರ ಕ್ರಾಂತಿಯ ನಂತರ ಬೆಲ್ಜಿಯಂ ಎಂಬ ಹೊಸ ರಾಷ್ಟ್ರದ ಭಾಗವಾಯಿತು. ಹೀಗೆ ಮನೆ ಬಿಟ್ಟು ಕದಲದವನೂ ಮೂರು ಬಾವುಟಗಳ ಕೆಳಗೆ ಬದುಕಬೇಕಾದ ಕಾಲವದು.

ಏಳರ ಹರೆಯದಲ್ಲೇ ಹುಡುಗ ತಂದೆಯನ್ನು ಕಳೆದುಕೊಂಡ. ಶಾಲೆ ಮುಗಿದೊಡನೆ ಸಂಪಾದನೆಯ ದಾರಿ ಹುಡುಕುವುದು ಅನಿವಾರ್ಯವಾಯಿತು. 17ನೇ ವಯಸ್ಸಿಗೆ ಸಮೀಪದ ಔಡನಾರ್ಡೆ ಎಂಬ ಊರಿನಲ್ಲಿ ಉಪಾಧ್ಯಾಯನಾದ. 1815ರಲ್ಲಿ ಘೆಂಟ್‌ನ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ದೊರೆಯಿತು. ಆದರೂ ಆತನ ಮನಸ್ಸು ಚಿತ್ರಕಲೆ, ಕಾವ್ಯ, ಸಂಗೀತಗಳ ಕಡೆಗೇ ವಾಲಿತ್ತು. ಗೆಳೆಯ ಜರ್ಮಿನಲ್ ಡಾಂಡಲಿನ್ ಜತೆಗೂಡಿ ಬರೆದ ಗೀತನಾಟಕವೊಂದು 1816ರಲ್ಲಿ ಘೆಂಟ್‌ನಲ್ಲಿ ರಂಗವೇರಿದ್ದೂ ಉಂಟು. ಈ ಗೆಳೆಯರಿಬ್ಬರೂ ಮುಂದೆ ಜ್ಯಾಮಿತಿಯಲ್ಲಿ ಹೆಸರು ಮಾಡಿದ್ದು ಸ್ವಾರಸ್ಯಕರ.

ಆಗಷ್ಟೇ ಆರಂಭಗೊಂಡಿದ್ದ ಘೆಂಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಗಾರ್ನಿಯೆ ಆತನನ್ನು ಗಣಿತದತ್ತ ತಿರುಗಿಸಿದರು. 1819ರಲ್ಲಿ ಆ ವಿಶ್ವವಿದ್ಯಾನಿಲಯ ವಿಜ್ಞಾನದಲ್ಲಿ ನೀಡಿದ ಮೊದಲ ಡಾಕ್ಟರೇಟ್ ಪದವಿ ಕೆಟ್ಲೆಯ ಪಾಲಾಯಿತು. ಅದೇ ವರ್ಷ ಬ್ರಸೆಲ್ಸ್‌ಗೆ ಅಧ್ಯಾಪಕನಾಗಿ ಹೋದವನು ಮರುವರ್ಷವೇ ಅಲ್ಲಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಆಗ ಆತನಿಗೆ ಕೇವಲ 24 ವರ್ಷ.

ನಕ್ಷತ್ರದಿಂದ ಮನುಷ್ಯನೆಡೆಗೆ

ಬ್ರಸೆಲ್ಸ್‌ಗೊಂದು ವೀಕ್ಷಣಾಲಯ ಬೇಕೆಂದು ಕೆಟ್ಲೆ ಹಟ ಹಿಡಿದ. ಆ ವಿದ್ಯೆಯನ್ನು ಕಲಿತು ಬರಲೆಂದು 1823ರಲ್ಲಿ ಆತನನ್ನು ಪ್ಯಾರಿಸ್‌ಗೆ ಕಳುಹಿಸಲಾಯಿತು. ಲಾಪ್ಲಾಸ್, ಫೂರಿಯೆ ಮೊದಲಾದ ಗಣಿತಜ್ಞರ ಸಂಪರ್ಕ ಆತನಿಗೆ ಒದಗಿದ್ದು ಅಲ್ಲಿಯೇ. ದೂರದರ್ಶಕದ ಬಳಕೆಯ ಜತೆಗೆ ಸಂಭವನೀಯತೆಯ ಗಣಿತವನ್ನೂ ಆತ ಪ್ಯಾರಿಸ್‌ನಿಂದ ಹೊತ್ತು ತಂದ.

ಖಗೋಳಜ್ಞರಿಗೆ ಹಳೆಯ ತೊಂದರೆಯೊಂದಿತ್ತು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಬಾರಿ ಅಳೆದರೆ ಹತ್ತು ಬೇರೆ ಬೇರೆ ಉತ್ತರಗಳು ಬರುತ್ತವೆ. ಕೈ ನಡುಗಬಹುದು, ಮಂಜು ಮುಸುಕಬಹುದು, ಉಪಕರಣದಲ್ಲೇ ಐಬಿರಬಹುದು. ಇಂಥ ತಪ್ಪುಗಳು ಮನಬಂದಂತೆ ಹರಡಿಕೊಳ್ಳುವುದಿಲ್ಲ. ಸಣ್ಣ ತಪ್ಪುಗಳು ಹೆಚ್ಚು, ದೊಡ್ಡ ತಪ್ಪುಗಳು ವಿರಳ. ನಕ್ಷೆ ಬರೆದರೆ ಗಂಟೆಯ ಆಕಾರದ ವಕ್ರರೇಖೆ ಮೂಡುತ್ತದೆ. ಎಲ್ಲ ಅಳತೆಗಳ ಸರಾಸರಿ ನಿಜವಾದ ಸ್ಥಾನಕ್ಕೆ ಅತಿ ಸಮೀಪವಿರುತ್ತದೆ. ಮನುಷ್ಯರನ್ನೂ ಹೀಗೆಯೇ ಅಳೆದರೆ ಏನು ತಿಳಿದೀತು ಎಂಬ ಪ್ರಶ್ನೆ ಕೆಟ್ಲೆಯನ್ನು ಕಾಡತೊಡಗಿತು.

ವೀಕ್ಷಣಾಲಯಕ್ಕೆ 1826ರಲ್ಲಿ ಒಪ್ಪಿಗೆ ಸಿಕ್ಕಿತು, 1828ರಲ್ಲಿ ಕೆಟ್ಲೆ ಅದರ ಖಗೋಳಜ್ಞನಾಗಿ ನೇಮಕಗೊಂಡ. ಆದರೆ ಕಟ್ಟಡ ಪೂರ್ಣಗೊಳ್ಳುವ ಮುನ್ನವೇ 1830ರ ಕ್ರಾಂತಿ ಭುಗಿಲೆದ್ದಿತು. ಹೋರಾಟದ ಬಿಸಿ ವೀಕ್ಷಣಾಲಯದ ಅಂಗಳಕ್ಕೂ ತಟ್ಟಿತು. ಉಪಕರಣಗಳು ಬಂದು ಕೆಲಸ ಶುರುವಾಗಲು ಇನ್ನೂ ಕೆಲವು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಆತನ ಗಮನ ಜನನ, ಮರಣ, ವಿವಾಹ, ಅಪರಾಧಗಳ ದಾಖಲೆಗಳತ್ತ ಹೊರಳಿಯಾಗಿತ್ತು.

ತಕ್ಕಡಿಯ ಮುಂದೆ ಬ್ರಸೆಲ್ಸ್

1831ರಲ್ಲಿ ಮನುಷ್ಯನ ಎತ್ತರದ ಬೆಳವಣಿಗೆಯ ಕುರಿತೂ, ಮರುವರ್ಷ ವಿವಿಧ ವಯಸ್ಸಿನವರ ತೂಕದ ಕುರಿತೂ ಕೆಟ್ಲೆ ಅಧ್ಯಯನ ನಡೆಸಿದ. ಹಸುಳೆಗಳು, ಶಾಲಾ ಮಕ್ಕಳು, ಅನಾಥಾಲಯದ ಬಾಲಕರು, ವೃದ್ಧಾಶ್ರಮದ ಹಿರಿಯರು ಎಲ್ಲರ ಅಳತೆಗಳೂ ಸಂಗ್ರಹವಾದವು. ಬಟ್ಟೆ ಕಳಚಿ ತೂಗುವುದು ಕಷ್ಟವಾಗಿದ್ದರಿಂದ ಬಟ್ಟೆಯ ಭಾರವನ್ನೇ ಲೆಕ್ಕ ಹಾಕಿದ. ಗಂಡಸರಲ್ಲಿ ಅದು ಒಟ್ಟು ತೂಕದ 18ರಲ್ಲೊಂದು ಪಾಲು, ಹೆಂಗಸರಲ್ಲಿ 24ರಲ್ಲೊಂದು ಪಾಲು ಎಂದು ಕಳೆದ. ಇಂಥ ಸಣ್ಣ ವಿವರದಲ್ಲೂ ಖಗೋಳಜ್ಞನ ಶಿಸ್ತು ಎದ್ದು ಕಾಣುತ್ತದೆ.

ಆತನ ಮುಂದಿದ್ದ ಪ್ರಶ್ನೆ ಸರಳ. ಎತ್ತರ ಹೆಚ್ಚಿದಂತೆ ತೂಕ ಎಷ್ಟು ಹೆಚ್ಚುತ್ತದೆ? ಮನುಷ್ಯ ಉದ್ದ, ಅಗಲ, ದಪ್ಪ ಮೂರರಲ್ಲೂ ಸಮಪ್ರಮಾಣದಲ್ಲಿ ಬೆಳೆಯುವುದಾದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿ ಏರಬೇಕು. ಹುಟ್ಟಿದ ಮೊದಲ ವರ್ಷದಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ. ಆದರೆ ಬೆಳೆದು ನಿಂತ ವಯಸ್ಕರನ್ನು ಒಬ್ಬರೊಡನೊಬ್ಬರನ್ನು ಹೋಲಿಸಿದಾಗ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದನ್ನು ಕೆಟ್ಲೆ ಕಂಡುಕೊಂಡ. ಎತ್ತರದ ಮನುಷ್ಯ ಗಿಡ್ಡ ಮನುಷ್ಯನ ಹಿಗ್ಗಿಸಿದ ಪ್ರತಿರೂಪವಲ್ಲ, ಹೋಲಿಕೆಯಲ್ಲಿ ಆತ ತುಸು ಸಪೂರ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಇಂದಿನ ಸೂತ್ರ ಮೊಳೆತದ್ದು ಈ ಒಂದು ಅವಲೋಕನದಿಂದ.

ಬೊಜ್ಜು ಆತನ ಚಿಂತೆಯೇ ಆಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಯಾರು ದಪ್ಪ, ಯಾರು ತೆಳ್ಳಗೆ ಎಂದು ತೀರ್ಪು ಕೊಡಲು ಆತ ಹೊರಟಿರಲಿಲ್ಲ. ಒಂದು ಜನಸಮುದಾಯದ ದೇಹ ಹೇಗೆ ಬೆಳೆಯುತ್ತದೆ ಎಂಬ ನಿಯಮವಷ್ಟೇ ಆತನಿಗೆ ಬೇಕಿತ್ತು.

ಸರಾಸರಿ ಮನುಷ್ಯನ ಜನನ

1835ರಲ್ಲಿ ಪ್ರಕಟವಾದ ಆತನ ಮಹಾಗ್ರಂಥ ಮನುಷ್ಯನನ್ನೂ ಆತನ ಸಾಮರ್ಥ್ಯಗಳ ವಿಕಾಸವನ್ನೂ ಕುರಿತದ್ದು. ಅದರಲ್ಲಿ ಸರಾಸರಿ ಮನುಷ್ಯ ಎಂಬ ಕಲ್ಪನೆಗೆ ಕೆಟ್ಲೆ ಕೇಂದ್ರಸ್ಥಾನ ಕೊಟ್ಟ. ಎತ್ತರ, ತೂಕಗಳಿಗಷ್ಟೇ ನಿಲ್ಲದೆ ಮದುವೆಯ ವಯಸ್ಸು, ಆತ್ಮಹತ್ಯೆ, ಕಳವು, ಕೊಲೆಗಳನ್ನೂ ಲೆಕ್ಕಕ್ಕೆ ತಂದ. ವರ್ಷದಿಂದ ವರ್ಷಕ್ಕೆ ಅಪರಾಧಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ತೆರನಾಗಿರುವುದನ್ನು ಎತ್ತಿ ತೋರಿಸಿ, ಅಪರಾಧಕ್ಕೆ ವ್ಯಕ್ತಿಯೊಬ್ಬನೇ ಅಲ್ಲ, ಸಮಾಜದ ಸ್ಥಿತಿಯೂ ಕಾರಣ ಎಂದು ವಾದಿಸಿದ. ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನೇ ಈತ ಅಲ್ಲಗಳೆಯುತ್ತಿದ್ದಾನೆ ಎಂದು ಯೂರೋಪಿನಲ್ಲಿ ದೊಡ್ಡ ಗುಲ್ಲೆದ್ದಿತು.

1846ರಲ್ಲಿ ಪ್ರಕಟಿಸಿದ ಇನ್ನೊಂದು ಕೃತಿಯಲ್ಲಿ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗಳನ್ನು ಪರಿಶೀಲಿಸಿದ. ಸುಮಾರು 40 ಇಂಚಿನ ಸುತ್ತ ಅವು ಅದೇ ಗಂಟೆಯಾಕಾರದಲ್ಲಿ ಹರಡಿಕೊಂಡಿದ್ದವು. ಫ್ರೆಂಚ್ ಸೇನೆಯ ದಾಖಲೆಗಳನ್ನು ನೋಡಿದಾಗ ಮಾತ್ರ ವಕ್ರರೇಖೆ ಒಂದೆಡೆ ಸೊಟ್ಟಗಾಗಿತ್ತು. ಸೇನೆಗೆ ಬೇಕಾದ ಕನಿಷ್ಠ ಎತ್ತರಕ್ಕಿಂತ ತುಸು ಕಡಿಮೆ ಇರುವವರ ಸಂಖ್ಯೆ ಗಣಿತದ ನಿರೀಕ್ಷೆಯನ್ನು ಮೀರಿತ್ತು. ಒಂದು ಲಕ್ಷದಲ್ಲಿ ಸುಮಾರು ಎರಡು ಸಾವಿರ ಯುವಕರು ಸೇನೆಯಿಂದ ತಪ್ಪಿಸಿಕೊಳ್ಳಲು ಗಿಡ್ಡರಾಗಿಬಿಟ್ಟಿದ್ದರು! ಸುಳ್ಳನ್ನು ಹಿಡಿಯಲು ಅಂಕಿಅಂಶವನ್ನು ಬಳಸಿದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು.

ಆದರೆ ಕೆಟ್ಲೆ ಎಡವಿದ್ದೂ ಇಲ್ಲಿಯೇ. ನಕ್ಷತ್ರಕ್ಕೆ ನಿಜವಾದ ಸ್ಥಾನವೊಂದಿದೆ, ಅಳತೆಗಳು ಅದರ ಸುತ್ತಲಿನ ತಪ್ಪುಗಳು. ಅದೇ ರೀತಿ ಸರಾಸರಿ ಮನುಷ್ಯನೇ ಪ್ರಕೃತಿಯ ಗುರಿ, ಉಳಿದವರೆಲ್ಲ ಆ ಗುರಿ ತಪ್ಪಿದವರು ಎಂಬ ಭಾವನೆ ಆತನ ಬರಹಗಳಲ್ಲಿ ಬೆಳೆಯಿತು. ಸರಾಸರಿ ಎಂಬುದು ಬರೀ ಲೆಕ್ಕವಾಗಿ ಉಳಿಯದೆ ಆದರ್ಶವಾಗಿ ಬದಲಾಯಿತು. ಫ್ರಾನ್ಸಿನ ಗಣಿತಜ್ಞ ಕೂರ್ನೋ 1843ರಲ್ಲೇ ಇದನ್ನು ಖಂಡಿಸಿದ್ದ. ಹಲವು ಲಂಬಕೋನ ತ್ರಿಭುಜಗಳ ಬಾಹುಗಳ ಸರಾಸರಿ ತೆಗೆದು ಹೊಸ ತ್ರಿಭುಜ ರಚಿಸಿದರೆ ಅದು ಲಂಬಕೋನ ತ್ರಿಭುಜವೇ ಆಗಬೇಕೆಂದಿಲ್ಲ. ಅಂತೆಯೇ ಎಲ್ಲ ಅಂಗಗಳಲ್ಲೂ ಸರಾಸರಿಯಾದ ಮನುಷ್ಯ ಬದುಕಲು ಯೋಗ್ಯನಾದ ಮನುಷ್ಯನೇ ಆಗಿರಬೇಕೆಂದಿಲ್ಲ ಎಂಬುದು ಆತನ ಆಕ್ಷೇಪ. ಕೆಟ್ಲೆಯ ವಕ್ರರೇಖೆಯನ್ನೇ ಕೈಗೆತ್ತಿಕೊಂಡ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮುಂದೆ ಮನುಷ್ಯರನ್ನು ಮೇಲು, ಕೀಳು ಎಂದು ವಿಂಗಡಿಸುವ ಸುಸಂತಾನವಾದಕ್ಕೆ ದಾರಿ ಮಾಡಿದ. ಆ ವಾದ ಮನುಕುಲಕ್ಕೆ ತಂದ ಹಾನಿ ಇತಿಹಾಸಕ್ಕೆ ತಿಳಿದದ್ದೇ.

ಕೀರ್ತಿ ಮತ್ತು ಕೊನೆಯ ದಿನಗಳು

1834ರಲ್ಲಿ ಬ್ರಸೆಲ್ಸ್ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದ ಕೆಟ್ಲೆ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. ಲಂಡನ್‌ನ ಸಂಖ್ಯಾಶಾಸ್ತ್ರ ಸಂಘದ ಹುಟ್ಟಿಗೆ ಆತನ ಪ್ರೇರಣೆಯಿತ್ತು. 1846ರ ಬೆಲ್ಜಿಯಂ ಜನಗಣತಿಯನ್ನು ರೂಪಿಸಿದ್ದು, 1853ರಲ್ಲಿ ಮೊದಲ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವನ್ನು ಬ್ರಸೆಲ್ಸ್‌ನಲ್ಲಿ ಸೇರಿಸಿದ್ದು ಆತನ ಮಹತ್ವದ ಸಾಧನೆಗಳು. ದಾದಿಯರ ಸೇವೆಗೆ ಹೊಸ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಆತನನ್ನು ಗುರುವಿನಂತೆ ಗೌರವಿಸುತ್ತಿದ್ದಳು. 1860ರ ಲಂಡನ್ ಸಮ್ಮೇಳನದ ವೇಳೆ ಇಬ್ಬರ ಭೇಟಿಯೂ ನಡೆಯಿತು.

1855ರಲ್ಲಿ ಕೆಟ್ಲೆಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತಾದರೂ ನೆನಪಿನ ಶಕ್ತಿ ಕುಂದಿತು. ಲಕ್ಷಾಂತರ ಅಂಕಿಗಳನ್ನು ಪೋಣಿಸಿದ್ದ ಬುದ್ಧಿಗೆ ತನ್ನದೇ ಬರಹದ ಎಳೆ ಹಿಡಿಯುವುದು ಕಷ್ಟವಾಯಿತು. ಆದರೂ ಕೆಲಸ ಬಿಡಲಿಲ್ಲ. ಮನುಷ್ಯನ ಅಳತೆಗಳ ಕುರಿತ ಕೊನೆಯ ದೊಡ್ಡ ಕೃತಿಯನ್ನು 1870ರ ಹೊತ್ತಿಗೆ ಹೊರತಂದ. ಮಗ ಅರ್ನೆಸ್ಟ್ ಕೂಡ ಖಗೋಳಜ್ಞನಾಗಿ ವೀಕ್ಷಣಾಲಯದಲ್ಲಿ ತಂದೆಗೆ ನೆರವಾಗಿದ್ದ. 1874ರ ಫೆಬ್ರವರಿ 17ರಂದು, 78 ತುಂಬಲು ಐದು ದಿನವಿರುವಾಗ, ಕೆಟ್ಲೆ ಬ್ರಸೆಲ್ಸ್‌ನಲ್ಲಿ ಕೊನೆಯುಸಿರೆಳೆದ. ಕ್ಷುದ್ರಗ್ರಹವೊಂದಕ್ಕೆ ಇಂದು ಆತನ ಹೆಸರಿದೆ.

ಶತಮಾನದ ಬಳಿಕ ಮರುಹುಟ್ಟು

ತೂಕ ಮತ್ತು ಎತ್ತರದ ಆ ನಿಯಮ ಬಹುಕಾಲ ಮೂಲೆಗೆ ಬಿದ್ದಿತ್ತು. 20ನೇ ಶತಮಾನದಲ್ಲಿ ಅಮೆರಿಕದ ಜೀವವಿಮಾ ಕಂಪನಿಗಳು ತಮ್ಮ ಗ್ರಾಹಕರ ಸಾವಿನ ಲೆಕ್ಕದಿಂದ ಆದರ್ಶ ತೂಕದ ಪಟ್ಟಿಗಳನ್ನು ಮಾಡಿದವು. ದೇಹದ ಗಾತ್ರವನ್ನು ಸಣ್ಣ, ಮಧ್ಯಮ, ದೊಡ್ಡ ಎಂದು ಅಂದಾಜಿನಲ್ಲಿ ವಿಂಗಡಿಸುತ್ತಿದ್ದ ಈ ಪಟ್ಟಿಗಳನ್ನು ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಒಪ್ಪಲಿಲ್ಲ. ಐದು ದೇಶಗಳ 7,424 ಪುರುಷರ ಅಳತೆಗಳನ್ನು ಸಂಗಡಿಗರೊಂದಿಗೆ ಪರಿಶೀಲಿಸಿ, ಇರುವ ಸರಳ ಸೂತ್ರಗಳಲ್ಲಿ ಕೆಟ್ಲೆಯದೇ ಮೇಲು ಎಂದು 1972ರಲ್ಲಿ ಪ್ರಕಟಿಸಿದರು. ದೇಹ ದ್ರವ್ಯರಾಶಿ ಸೂಚ್ಯಂಕ ಎಂಬ ಹೊಸ ಹೆಸರು ಬಂದದ್ದು ಆಗ. ಅವರೂ ಅಳೆದದ್ದು ಗುಂಪುಗಳನ್ನೇ, ಅದೂ ಪುರುಷರನ್ನು ಮಾತ್ರ.

ಬಳಿಕ ಸೂತ್ರ ವೈದ್ಯರ ಮೇಜಿಗೇರಿತು. ಗೆರೆ ಎಲ್ಲಿ ಎಳೆಯಬೇಕು ಎಂಬುದು ಮನುಷ್ಯರೇ ತೀರ್ಮಾನಿಸಿದ ವಿಷಯ. 1998ರಲ್ಲಿ ಅಮೆರಿಕ ತನ್ನ ಗೆರೆಯನ್ನು 27ರ ಆಸುಪಾಸಿನಿಂದ 25ಕ್ಕೆ ಇಳಿಸಿದಾಗ ಒಂದು ತೊಲೆ ತೂಕವೂ ಏರದ ಕೋಟ್ಯಂತರ ಜನ ರಾತ್ರಿ ಬೆಳಗಾಗುವುದರೊಳಗೆ ಅಧಿಕ ತೂಕದವರಾದರು.

ಲೆಕ್ಕ ಹಾಕುವುದು ಹೇಗೆ?

ಲೆಕ್ಕ ಕಷ್ಟವೇನಲ್ಲ. ಐದು ಅಡಿ ನಾಲ್ಕು ಇಂಚು ಎತ್ತರದ, 64 ಕಿಲೋ ತೂಕದ ವಯಸ್ಕರೊಬ್ಬರನ್ನು ತೆಗೆದುಕೊಳ್ಳೋಣ. ಐದು ಅಡಿ ನಾಲ್ಕು ಇಂಚೆಂದರೆ 64 ಇಂಚು. ಇಂಚಿಗೆ 2.54 ಸೆಂಟಿಮೀಟರ್‌ನಂತೆ ಎತ್ತರ ಸುಮಾರು 163 ಸೆಂಟಿಮೀಟರ್, ಅಂದರೆ 1.63 ಮೀಟರ್. ಅದನ್ನು ಅದರಿಂದಲೇ ಗುಣಿಸಿದರೆ 2.66. ಈಗ 64ನ್ನು 2.66ರಿಂದ ಭಾಗಿಸಿದರೆ ಬರುವ ಉತ್ತರ 24.1. ಅದೇ ಬಿಎಂಐ. ಎತ್ತರ ಅಳೆಯುವಾಗ ಪಾದರಕ್ಷೆ ಕಳಚಿರಬೇಕು, ತೂಕ ನೋಡುವಾಗ ಬಟ್ಟೆ ಹಗುರವಾಗಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಲ್ಲಿ 18.5ಕ್ಕಿಂತ ಕಡಿಮೆಯಾದರೆ ಕೃಶ, 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಈ ಪ್ರಕಾರ 24.1 ಆರೋಗ್ಯಕರ. ಆದರೆ ಭಾರತೀಯ ತಜ್ಞರು 2009ರಲ್ಲಿ ಒಮ್ಮತದಿಂದ ಗೊತ್ತುಪಡಿಸಿದ ಮಾನದಂಡದಲ್ಲಿ 23ರಿಂದಲೇ ಅಧಿಕ ತೂಕ, 25ರಿಂದಲೇ ಬೊಜ್ಜು. ಅದರಂತೆ ಅದೇ ವ್ಯಕ್ತಿ ಎಚ್ಚರ ವಹಿಸಬೇಕಾದವರು. ಅವರ ಎತ್ತರಕ್ಕೆ ಸುಮಾರು 49ರಿಂದ 61 ಕಿಲೋ ತಕ್ಕ ತೂಕ.

ನಮಗೇಕೆ ಬೇರೆ ಗೆರೆ? ಒಂದೇ ಬಿಎಂಐ ಇದ್ದರೂ ಯೂರೋಪಿನವರಿಗಿಂತ ಭಾರತೀಯರ ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಹೆಚ್ಚು. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಹಾಗೂ ಬ್ರಿಟನ್ನಿನ ಜಾನ್ ಯುಡ್ಕಿನ್ ಇದನ್ನು ತಮ್ಮ ಮೈಯಿಂದಲೇ ತೋರಿಸಿಕೊಟ್ಟರು. 2004ರಲ್ಲಿ ಅವರು ಪ್ರಕಟಿಸಿದಂತೆ ಇಬ್ಬರ ಬಿಎಂಐಯೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2!

ಈ ಕಥೆಯಲ್ಲಿ ಕರ್ನಾಟಕದ್ದೂ ಒಂದು ಪುಟವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. 1990ರ ದಶಕದಲ್ಲಿ ಆ ಶಿಶುಗಳನ್ನು ವಯಸ್ಕರಾಗಿ ಪತ್ತೆಹಚ್ಚಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿರುವುದು ಕಂಡುಬಂತು. ಮಧುಮೇಹ ಮಾತ್ರ ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಹೆಚ್ಚಿತ್ತು. ಶಿಶುವಿನ ಈ ದುಂಡುತನವನ್ನು ಅಳೆದದ್ದು ತೂಕವನ್ನು ಉದ್ದದ ಘನದಿಂದ ಭಾಗಿಸುವ ಸೂಚ್ಯಂಕದಿಂದ. ಹಸುಳೆಗೆ ಘನ, ವಯಸ್ಕನಿಗೆ ವರ್ಗ ಎಂಬ ಕೆಟ್ಲೆಯ ಭೇದ ಮೈಸೂರಿನ ಹೆರಿಗೆ ಕೋಣೆಯ ಲೆಕ್ಕದಲ್ಲೂ ಉಳಿದುಬಂದಿತ್ತು.

ಸಂಖ್ಯೆಯ ಮಿತಿ

ಬಂದರಿನಲ್ಲಿ ಮೂಟೆ ಹೊರುವ ಕಾರ್ಮಿಕನ 26ಕ್ಕೂ, ದಿನವಿಡೀ ಕುರ್ಚಿಯಲ್ಲಿ ಕೂರುವ ಗುಮಾಸ್ತನ 26ಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಸ್ನಾಯು ಹೆಚ್ಚಿರಬಹುದು, ಎರಡನೆಯದರಲ್ಲಿ ಕೊಬ್ಬು. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು. ಮುಪ್ಪಿನಲ್ಲಿ ಬೆನ್ನು ಬಾಗಿ ಎತ್ತರ ಕುಗ್ಗಿದರೆ ಬಿಎಂಐ ತಾನಾಗಿ ಏರುತ್ತದೆ. ಮೈಯಲ್ಲಿ ನೀರು ತುಂಬಿದವರಿಗೂ ಗರ್ಭಿಣಿಯರಿಗೂ ಈ ಲೆಕ್ಕ ಸಲ್ಲದು. ಮಕ್ಕಳಿಗೆ ವಯಸ್ಸು, ಲಿಂಗಗಳಿಗೆ ತಕ್ಕ ಬೇರೆಯೇ ಪಟ್ಟಿಗಳಿವೆ.

ಆದ್ದರಿಂದಲೇ ಸೊಂಟದ ಸುತ್ತಳತೆಗೆ ಇಂದು ಮಹತ್ವ ಬಂದಿದೆ. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ. 30 ವರ್ಷ ದಾಟಿದವರ ಆರೋಗ್ಯ ವಿವರ ದಾಖಲಿಸುವ ಆಶಾ ಕಾರ್ಯಕರ್ತೆಯರ ನಮೂನೆಯಲ್ಲೂ ಈ ಅಳತೆ ಸೇರಿದೆ. ಬಿಎಂಐ ಒಂದನ್ನೇ ನೋಡಿ ಬೊಜ್ಜನ್ನು ರೋಗವೆಂದು ನಿರ್ಧರಿಸಬಾರದು, ಸೊಂಟದಂಥ ಇನ್ನೊಂದು ಅಳತೆಯಿಂದ ಖಚಿತಪಡಿಸಿಕೊಂಡು, ಅಂಗಾಂಗಗಳಿಗೆ ತೊಂದರೆಯಾಗಿದೆಯೇ ಎಂದೂ ನೋಡಬೇಕು ಎಂದು 2025ರ ಜನವರಿಯಲ್ಲಿ ಅಂತಾರಾಷ್ಟ್ರೀಯ ತಜ್ಞರ ಆಯೋಗವೊಂದು ಹೇಳಿದೆ.

ಹಾಗೆಂದು ಸೂತ್ರವನ್ನೇ ತಳ್ಳಿಹಾಕುವಂತಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇ. 30ರಷ್ಟು ಮಹಿಳೆಯರೂ ಅಷ್ಟೇ ಪ್ರಮಾಣದ ಪುರುಷರೂ 25ರ ಗೆರೆಯನ್ನು ಮುಟ್ಟಿದ್ದರು ಅಥವಾ ದಾಟಿದ್ದರು. ಅದೇ ಹೊತ್ತಿಗೆ ಸುಮಾರು ಶೇ. 17ರಷ್ಟು ಮಹಿಳೆಯರು 18.5ರ ಕೆಳಗಿದ್ದರು. ಒಂದೇ ರಾಜ್ಯದಲ್ಲಿ ಹಸಿವೂ ಬೊಜ್ಜೂ ಅಕ್ಕಪಕ್ಕದಲ್ಲಿ ಬಾಳುತ್ತಿರುವುದನ್ನು ಕಾಣಲು ಕೆಟ್ಲೆಯ ಕಣ್ಣೇ ಬೇಕು. ಆತ ಸೂತ್ರ ಕಂಡದ್ದು ಇಂಥ ಕೆಲಸಕ್ಕಾಗಿಯೇ.

ಬಜಪೆಯಿಂದ ಮೇಲೇರುವ ವಿಮಾನಕ್ಕೆ ಸರಾಸರಿ ಸಾಕು, ಏಕೆಂದರೆ ಅದು ಹೊರುವುದು ಗುಂಪನ್ನು. ಚಿಕಿತ್ಸಾಲಯದ ತಕ್ಕಡಿಯ ಮೇಲೆ ನಿಲ್ಲುವವನು ಒಬ್ಬನೇ. ಅಲ್ಲಿ ಬಿಎಂಐ ಸೊಂಟದ ಪಟ್ಟಿ, ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಹಾಗೂ ಮನೆತನದ ಕಾಯಿಲೆಗಳ ವಿಚಾರಣೆಗೆ ನಾಂದಿಯಾಗಬೇಕೇ ಹೊರತು ತೀರ್ಪಾಗಬಾರದು. ಬದುಕಿನುದ್ದಕ್ಕೂ ಸರಾಸರಿ ಮನುಷ್ಯನನ್ನು ಅರಸಿದ ಕೆಟ್ಲೆಗೆ ಅಂಥವನೊಬ್ಬ ಎದುರಾಗಲೇ ಇಲ್ಲ. ತಕ್ಕಡಿಯ ಮುಂದೆ ಸಾಲುಗಟ್ಟಿದವರಲ್ಲೂ ಅಂಥವನೊಬ್ಬ ಇರಲಾರ.